ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಉಸಿರಾಟ: ಮಲಗುವ, ಕೂರುವ ಭಂಗಿಗೆ ಏಕಿಷ್ಟು ಮಹತ್ವ?

ಹೊಟ್ಟೆಯ ಶಸ್ತ್ರಚಿಕಿತ್ಸೆ ಮುಗಿದು ವಾರ್ಡಿಗೆ ಬಂದ ರೋಗಿಯನ್ನು ಅಂಗಾತ ಮಲಗಿಸಿ, ಆದಷ್ಟು ಅಲುಗಾಡದಂತೆ ನೋಡಿಕೊಳ್ಳುವುದೇ ಸರಿಯಾದ ಆರೈಕೆ ಎಂದು ಮನೆಯವರು ಭಾವಿಸುವುದು ಸಹಜ. ಆದರೆ ನರ್ಸ್ ಬಂದು ಮಂಚದ ತಲೆಯ ಭಾಗವನ್ನು ಎತ್ತರಿಸುತ್ತಾರೆ. ಮರುದಿನ ಬೆಳಿಗ್ಗೆ, ಹೊಲಿಗೆಯ ನೋವು ಇನ್ನೂ ಕಡಿಮೆಯಾಗದಿರುವಾಗಲೇ, ಫಿಸಿಯೋಥೆರಪಿಸ್ಟ್ ಬಂದು ಕುರ್ಚಿಯಲ್ಲಿ ಕೂರಿಸುತ್ತಾರೆ, ದೀರ್ಘವಾಗಿ ಉಸಿರೆಳೆಯಲು ಹೇಳುತ್ತಾರೆ, ಕೆಮ್ಮಲು ಹೇಳುತ್ತಾರೆ. ಗಾಯ ಇರುವುದು ಹೊಟ್ಟೆಯಲ್ಲಿ, ಇವರೆಲ್ಲರ ಚಿಂತೆ ಮಾತ್ರ ಶ್ವಾಸಕೋಶದ ಬಗ್ಗೆ ಎಂಬುದು ರೋಗಿಯ ಕಡೆಯವರಿಗೆ ವಿಚಿತ್ರವಾಗಿ ಕಾಣುತ್ತದೆ.

ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗಳ ನಂತರ ಎದುರಾಗುವ ತೊಡಕುಗಳಲ್ಲಿ ಉಸಿರಾಟಕ್ಕೆ ಸಂಬಂಧಿಸಿದವು ಬಹಳ ಸಾಮಾನ್ಯವಾದವು. ಶ್ವಾಸಕೋಶದ ಕೆಲವು ಭಾಗ ಕುಸಿದು ಮುಚ್ಚಿಕೊಳ್ಳುವುದು, ಕಫ ಕಟ್ಟುವುದು, ನ್ಯುಮೋನಿಯಾ, ರಕ್ತದಲ್ಲಿ ಆಮ್ಲಜನಕ ಇಳಿಯುವುದು ಇವುಗಳಲ್ಲಿ ಸೇರುತ್ತವೆ. ಇವೆಲ್ಲಕ್ಕೂ ದೇಹದ ಭಂಗಿಗೂ ಇರುವ ಸಂಬಂಧವನ್ನು ಅರಿಯಲು ಮೊದಲು ಉಸಿರಾಟದ ಯಂತ್ರರಚನೆಯನ್ನು ಸ್ವಲ್ಪ ನೋಡಬೇಕಾಗುತ್ತದೆ.

ವಪೆ: ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯು

ಎದೆಗೂಡಿನ ತಳದಲ್ಲಿ, ಹೊಟ್ಟೆಯ ಅಂಗಗಳ ಮೇಲೆ ಗುಮ್ಮಟಾಕಾರದಲ್ಲಿ ಬಾಗಿಕೊಂಡಿರುವ ತೆಳುವಾದ ಸ್ನಾಯುವಿಗೆ ವಪೆ ಎಂದು ಹೆಸರು. ಶಾಂತವಾಗಿ ಉಸಿರಾಡುವಾಗ ಕೆಲಸದ ಬಹುಪಾಲನ್ನು ಮಾಡುವುದು ಇದೇ. ಅದು ಸಂಕುಚಿಸಿದಾಗ ಒಂದೆರಡು ಸೆಂಟಿಮೀಟರ್ ಕೆಳಗಿಳಿಯುತ್ತದೆ, ಎದೆಯೊಳಗಿನ ಜಾಗ ಹಿಗ್ಗುತ್ತದೆ, ಗಾಳಿ ಒಳಗೆ ಬರುತ್ತದೆ. ದೀರ್ಘವಾಗಿ ಉಸಿರೆಳೆದಾಗ ಈ ಇಳಿತ ಹಲವು ಪಟ್ಟು ಹೆಚ್ಚುತ್ತದೆ. ವಪೆ ಸಡಿಲಗೊಂಡಾಗ ಮತ್ತೆ ಮೇಲೇರಿ, ಗಾಳಿ ತಾನಾಗಿಯೇ ಹೊರಹೋಗುತ್ತದೆ.

ವಪೆಯ ಕೆಳಗೆ ಯಕೃತ್ತು, ಜಠರ, ಗುಲ್ಮ, ಕರುಳುಗಳು ಒತ್ತಾಗಿ ಕೂತಿವೆ. ವಪೆ ಕೆಳಗಿಳಿಯಬೇಕಾದರೆ ಇವು ಜಾಗ ಬಿಟ್ಟುಕೊಡಬೇಕು, ಅದಕ್ಕೆ ಹೊಟ್ಟೆಯ ಮುಂಭಾಗದ ಗೋಡೆ ಹಿಗ್ಗಿ ಮುಂದೆ ಬರಬೇಕು. ಉಸಿರೆಳೆದಾಗ ಹೊಟ್ಟೆ ಉಬ್ಬುವುದು ಇದೇ ಕಾರಣಕ್ಕೆ. ಎದೆಯೂ ಹೊಟ್ಟೆಯೂ ಬೇರೆ ಬೇರೆ ಕೋಣೆಗಳಂತೆ ಕಂಡರೂ ಉಸಿರಾಟದ ಮಟ್ಟಿಗೆ ಅವು ಒಂದಕ್ಕೊಂದು ಕಟ್ಟುಬಿದ್ದಿವೆ. ಹೊಟ್ಟೆಯಲ್ಲಿ ನೋವಿದ್ದರೆ, ಕರುಳು ಉಬ್ಬರಿಸಿದ್ದರೆ, ಅಥವಾ ಬಿಗಿಯಾದ ಕಟ್ಟು ಹಾಕಿದ್ದರೆ ವಪೆಗೆ ಇಳಿಯಲು ಅವಕಾಶ ಕಡಿಮೆಯಾಗುತ್ತದೆ.

ಉಸಿರು ಬಿಟ್ಟ ಮೇಲೂ ಒಳಗೆ ಉಳಿಯುವ ಗಾಳಿ

ಉಸಿರಾಟ ಎಂದೊಡನೆ ಒಳಗೆ ಎಳೆದುಕೊಳ್ಳುವ ಗಾಳಿಯ ಬಗ್ಗೆಯೇ ನಮ್ಮ ಗಮನ ಹೋಗುತ್ತದೆ. ಭಂಗಿಯ ವಿಷಯದಲ್ಲಿ ಅದಕ್ಕಿಂತ ಮುಖ್ಯವಾದದ್ದು, ಉಸಿರು ಬಿಟ್ಟ ಮೇಲೂ ಶ್ವಾಸಕೋಶದೊಳಗೆ ಉಳಿದುಕೊಳ್ಳುವ ಗಾಳಿ. ವಯಸ್ಕರೊಬ್ಬರು ಶಾಂತವಾಗಿ ಉಸಿರಾಡುವಾಗ ಪ್ರತಿ ಬಾರಿ ಒಳಗೆ ಹೋಗಿ ಬರುವುದು ಸುಮಾರು ಅರ್ಧ ಲೀಟರ್ ಮಾತ್ರ. ಆದರೆ ನಿಂತಿರುವಾಗ ಉಸಿರು ಬಿಟ್ಟ ಕೊನೆಯಲ್ಲೂ ಎರಡು ಲೀಟರ್‌ಗಿಂತ ಹೆಚ್ಚು ಗಾಳಿ ಒಳಗೇ ಇರುತ್ತದೆ. ವೈದ್ಯರು ಇದನ್ನು ಫಂಕ್ಷನಲ್ ರೆಸಿಡ್ಯುಯಲ್ ಕೆಪ್ಯಾಸಿಟಿ ಎನ್ನುತ್ತಾರೆ. ಇಲ್ಲಿ ಅದನ್ನು ಉಳಿಕೆ ಗಾಳಿ ಎಂದು ಕರೆಯೋಣ.

ಈ ಉಳಿಕೆ ಗಾಳಿಗೆ ಎರಡು ಕೆಲಸಗಳಿವೆ. ಎರಡು ಉಸಿರುಗಳ ನಡುವೆಯೂ ರಕ್ತ ಶ್ವಾಸಕೋಶದ ಮೂಲಕ ಹರಿಯುತ್ತಲೇ ಇರುವುದರಿಂದ, ಆ ಹೊತ್ತಿನಲ್ಲಿ ಆಮ್ಲಜನಕ ಒದಗಿಸುವುದು ಒಂದು. ಶ್ವಾಸಕೋಶದ ತುದಿಯಲ್ಲಿರುವ ಕೋಟ್ಯಂತರ ಸೂಕ್ಷ್ಮ ಗಾಳಿಗೂಡುಗಳು ಮುಚ್ಚಿಕೊಳ್ಳದಂತೆ ತೆರೆದಿಡುವುದು ಇನ್ನೊಂದು. ಗಾಳಿಗೂಡಿನ ಒಳಗೋಡೆ ಸದಾ ತೇವವಾಗಿರುತ್ತದೆ. ಒಳಗೆ ಒದ್ದೆಯಾಗಿರುವ ಪ್ಲಾಸ್ಟಿಕ್ ಚೀಲದ ಎರಡು ಬದಿಗಳು ಒಮ್ಮೆ ಅಂಟಿಕೊಂಡರೆ ಅದನ್ನು ಊದಿ ಬಿಡಿಸಲು ಎಷ್ಟು ಶ್ರಮವಾಗುತ್ತದೆಯೋ, ಸ್ವಲ್ಪ ತೆರೆದೇ ಇರುವ ಚೀಲವನ್ನು ಇನ್ನಷ್ಟು ಊದುವುದು ಎಷ್ಟು ಸುಲಭವೋ, ಗಾಳಿಗೂಡುಗಳ ವಿಷಯದಲ್ಲೂ ಹಾಗೆಯೇ. ಉಳಿಕೆ ಗಾಳಿ ಒಂದು ಮಟ್ಟಕ್ಕಿಂತ ಇಳಿದರೆ ಶ್ವಾಸಕೋಶದ ಕೆಳಭಾಗದ ಸಣ್ಣ ಗಾಳಿನಾಳಗಳು ಮೊದಲು ಮುಚ್ಚಿಕೊಳ್ಳುತ್ತವೆ, ಅವುಗಳಾಚೆಗಿನ ಗೂಡುಗಳಲ್ಲಿ ಸಿಕ್ಕಿಬಿದ್ದ ಗಾಳಿ ರಕ್ತಕ್ಕೆ ಹೀರಿಕೊಳ್ಳಲ್ಪಟ್ಟು ಆ ಭಾಗ ಕುಸಿಯುತ್ತದೆ.

ನಿಂತಿದ್ದವರು ಅಂಗಾತ ಮಲಗಿದರೆ ಸಾಕು, ಆರೋಗ್ಯವಂತರಲ್ಲೂ ಉಳಿಕೆ ಗಾಳಿ ಅರ್ಧ ಲೀಟರ್‌ನಿಂದ ಒಂದು ಲೀಟರ್‌ವರೆಗೆ ಕಡಿಮೆಯಾಗುತ್ತದೆ. ನಿಂತಾಗ ಗುರುತ್ವಾಕರ್ಷಣೆಯಿಂದ ಕೆಳಕ್ಕೆ ಜೋತುಬಿದ್ದಿರುವ ಹೊಟ್ಟೆಯ ಅಂಗಗಳು ಮಲಗಿದಾಗ ವಪೆಯನ್ನು ಎದೆಯ ಕಡೆಗೆ ತಳ್ಳುವುದೇ ಇದಕ್ಕೆ ಮುಖ್ಯ ಕಾರಣ. ಆರೋಗ್ಯವಂತ ಯುವಕರಿಗೆ ಇದರಿಂದ ತೊಂದರೆಯಾಗುವುದಿಲ್ಲ. ವಯಸ್ಸಾದಂತೆ ಶ್ವಾಸಕೋಶದ ಸ್ಥಿತಿಸ್ಥಾಪಕ ಗುಣ ಕುಂದುವುದರಿಂದ ಸಣ್ಣ ನಾಳಗಳು ಬೇಗ ಮುಚ್ಚಿಕೊಳ್ಳತೊಡಗುತ್ತವೆ: ಸುಮಾರು 45ರ ವಯಸ್ಸಿನಿಂದ ಅಂಗಾತ ಮಲಗಿದಾಗ, ಸುಮಾರು 65ರಿಂದ ಕೂತಿರುವಾಗಲೂ, ಸಾಮಾನ್ಯ ಉಸಿರಾಟದ ನಡುವೆಯೇ ಕೆಲವು ನಾಳಗಳು ಮುಚ್ಚುತ್ತವೆ. ಒಂದೇ ಬಗೆಯ ಶಸ್ತ್ರಚಿಕಿತ್ಸೆಯಾದ 30ರ ಮತ್ತು 70ರ ರೋಗಿಗಳಲ್ಲಿ ವೈದ್ಯರು ಎರಡನೆಯವರ ಭಂಗಿಯ ಬಗ್ಗೆ ಹೆಚ್ಚು ಪಟ್ಟುಹಿಡಿಯುವುದು ಇದರಿಂದಾಗಿ.

ಶಸ್ತ್ರಚಿಕಿತ್ಸೆ ಏನನ್ನು ಬದಲಿಸುತ್ತದೆ?

ಪೂರ್ಣ ಅರಿವಳಿಕೆ ಕೊಟ್ಟ ಕೆಲವೇ ನಿಮಿಷಗಳಲ್ಲಿ ಸ್ನಾಯುಗಳ ಬಿಗಿ ಸಡಿಲಗೊಂಡು ವಪೆ ಮೇಲಕ್ಕೆ ಸರಿಯುತ್ತದೆ. ಮಲಗಿದ್ದರಿಂದ ಈಗಾಗಲೇ ಇಳಿದಿದ್ದ ಉಳಿಕೆ ಗಾಳಿ ಇನ್ನೂ ಅರ್ಧ ಲೀಟರ್‌ನಷ್ಟು ಇಳಿಯುತ್ತದೆ. ಅರಿವಳಿಕೆಯಲ್ಲಿರುವ 10 ರೋಗಿಗಳಲ್ಲಿ ಸುಮಾರು 9 ಮಂದಿಯಲ್ಲಿ, ಬೆನ್ನಿನ ಕಡೆಗೆ ಇರುವ ಶ್ವಾಸಕೋಶದ ಒಂದಿಷ್ಟು ಭಾಗ ಕುಸಿದಿರುವುದು ಸಿ.ಟಿ. ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಕೈಕಾಲಿನ ಸಣ್ಣ ಶಸ್ತ್ರಚಿಕಿತ್ಸೆಯಾದರೆ ಎಚ್ಚರಗೊಂಡ ಮೇಲೆ ಈ ಭಾಗ ಬೇಗನೆ ಮತ್ತೆ ತೆರೆದುಕೊಳ್ಳುತ್ತದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಅದು ದಿನಗಟ್ಟಲೆ ಉಳಿಯಬಹುದು.

ಹೀಗೇಕೆ ಎಂದು ಕೇಳಿದರೆ ‘ನೋವಿನಿಂದ’ ಎಂಬ ಉತ್ತರ ತಕ್ಷಣ ಹೊಳೆಯುತ್ತದೆ, ಅದು ಸುಳ್ಳೂ ಅಲ್ಲ. ದೀರ್ಘವಾಗಿ ಉಸಿರೆಳೆದರೆ ಹೊಲಿಗೆ ಎಳೆಯುವುದರಿಂದ ರೋಗಿ ಮೇಲುಮೇಲಿನ, ಚಿಕ್ಕ ಚಿಕ್ಕ ಉಸಿರುಗಳಿಗೆ ತೃಪ್ತಿಪಡುತ್ತಾನೆ. ಸಾಮಾನ್ಯವಾಗಿ ನಾವೆಲ್ಲರೂ ನಮಗರಿವಿಲ್ಲದೆ ಗಂಟೆಗೆ ಹಲವು ಬಾರಿ ತೆಗೆದುಕೊಳ್ಳುವ ನಿಟ್ಟುಸಿರು, ಮುಚ್ಚುತ್ತಿರುವ ಗಾಳಿಗೂಡುಗಳನ್ನು ಮತ್ತೆ ಬಿಡಿಸುವ ಆ ಒಂದು ದೊಡ್ಡ ಉಸಿರು, ಈ ರೋಗಿಯಲ್ಲಿ ಬಹುತೇಕ ನಿಂತೇ ಹೋಗಿರುತ್ತದೆ. ಆದರೆ ನೋವನ್ನು ಚೆನ್ನಾಗಿ ತಗ್ಗಿಸಿದ ಮೇಲೂ ವಪೆ ಪೂರ್ತಿಯಾಗಿ ಕೆಲಸಕ್ಕೆ ಮರಳುವುದಿಲ್ಲ ಎಂಬುದು ಗಮನಾರ್ಹ. ಹೊಟ್ಟೆಯೊಳಗಿನ ಅಂಗಗಳನ್ನು ಮುಟ್ಟಿ ಸರಿಸಿದಾಗ ಅಲ್ಲಿನ ನರಗಳು ಕಳುಹಿಸುವ ಸಂಕೇತಗಳು, ವಪೆಗೆ ಹೋಗುವ ಆಜ್ಞೆಯನ್ನೇ ಪ್ರತಿವರ್ತನೆಯಾಗಿ ತಗ್ಗಿಸುತ್ತವೆ. ಸ್ನಾಯುವಿಗೆ ಗಾಯವಾಗಿರುವುದಿಲ್ಲ, ಅದಕ್ಕೆ ಬರುವ ಆಜ್ಞೆ ಕ್ಷೀಣವಾಗಿರುತ್ತದೆ. ಆಗ ಉಸಿರಾಟದ ಹೊರೆ ಪಕ್ಕೆಲುಬುಗಳ ನಡುವಿನ ಸ್ನಾಯುಗಳ ಮೇಲೆ ಬೀಳುತ್ತದೆ.

ಕೊಯ್ತ ವಪೆಗೆ ಹತ್ತಿರವಾದಷ್ಟೂ ಪರಿಣಾಮ ಹೆಚ್ಚು. ಜಠರ, ಯಕೃತ್ತು, ಮೇದೋಜೀರಕಾಂಗಗಳಿಗಾಗಿ ಹೊಟ್ಟೆಯ ಮೇಲ್ಭಾಗವನ್ನು ತೆರೆದಾಗ, ಪೂರ್ತಿ ಉಸಿರೆಳೆದು ಪೂರ್ತಿ ಹೊರಬಿಡಬಲ್ಲ ಗಾಳಿಯ ಪ್ರಮಾಣ ಮೊದಲ ದಿನ ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿಯಬಹುದು, ಮೊದಲಿನ ಮಟ್ಟಕ್ಕೆ ಬರಲು ಒಂದೆರಡು ವಾರ ಹಿಡಿಯುತ್ತದೆ. ಹೊಕ್ಕುಳಿನ ಕೆಳಗಿನ ಕೊಯ್ತಗಳಲ್ಲಿ ಈ ಇಳಿಕೆ ಕಡಿಮೆ. ಲ್ಯಾಪರೊಸ್ಕೋಪಿಯಲ್ಲೂ ಕಡಿಮೆಯೇ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಈ ಸಂಬಂಧ ಇತ್ತೀಚೆಗೆ ತಿಳಿದದ್ದೇನೂ ಅಲ್ಲ. ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಶ್ವಾಸಕೋಶದ ಭಾಗಗಳು ಕುಸಿಯುವುದನ್ನೂ, ಅದಕ್ಕೆ ಉಸಿರೆಳೆಯುವ ಬಲ ಕುಂದುವುದೇ ಕಾರಣ ಎಂಬುದನ್ನೂ ವಿಲಿಯಂ ಪಾಶ್ಚರ್ ಎಂಬ ವೈದ್ಯರು (ಸೂಕ್ಷ್ಮಜೀವಿಗಳ ಅಧ್ಯಯನದಿಂದ ಹೆಸರಾದ ಲೂಯಿ ಪಾಶ್ಚರ್ ಬೇರೆ) 1910ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಿದ್ದರು. ಅಮೆರಿಕದ ಹೆನ್ರಿ ಬೀಚರ್ 1933ರಲ್ಲಿ ಶ್ವಾಸಕೋಶದ ಗಾಳಿಯ ಪ್ರಮಾಣ ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಹೇಗೆ ಬದಲಾಗುತ್ತದೆ ಎಂಬುದನ್ನು ಅಳೆದು ಪ್ರಕಟಿಸಿದರು.

ಅಂಗಾತ ಮಲಗಿದಾಗ ಆಮ್ಲಜನಕ ಇಳಿಯುವುದು ಹೇಗೆ?

ಮೇಲಿನ ಎರಡು ಸಂಗತಿಗಳನ್ನು ಜೋಡಿಸಿದರೆ ಅಂಗಾತ ಮಲಗುವುದರ ತೊಂದರೆ ಸ್ಪಷ್ಟವಾಗುತ್ತದೆ. ಶಸ್ತ್ರಚಿಕಿತ್ಸೆ ಉಳಿಕೆ ಗಾಳಿಯನ್ನು ಒಮ್ಮೆ ಇಳಿಸಿದೆ, ಭಂಗಿ ಅದನ್ನು ಮತ್ತೊಮ್ಮೆ ಇಳಿಸುತ್ತದೆ. ಬೆನ್ನಿನ ಕಡೆಯ, ಅಂದರೆ ಆ ಭಂಗಿಯಲ್ಲಿ ಕೆಳಗಿರುವ ಶ್ವಾಸಕೋಶದ ಭಾಗಗಳು ಮೇಲಿನ ಶ್ವಾಸಕೋಶ ಮತ್ತು ಹೃದಯದ ಭಾರವನ್ನೂ, ವಪೆಯನ್ನು ದಾಟಿ ಬರುವ ಹೊಟ್ಟೆಯ ಒತ್ತಡವನ್ನೂ ಹೊರಬೇಕಾಗುತ್ತದೆ. ಮುಚ್ಚಿಕೊಳ್ಳುವುದು ಆ ಭಾಗಗಳೇ. ಗುರುತ್ವಾಕರ್ಷಣೆಯಿಂದ ರಕ್ತ ಹೆಚ್ಚಾಗಿ ಹರಿಯುವುದೂ ಅಲ್ಲಿಗೇ. ಗಾಳಿಯಿಲ್ಲದ ಕಡೆಗೆ ಹೋದ ರಕ್ತ ಆಮ್ಲಜನಕ ಪಡೆಯದೆ ಹಾಗೆಯೇ ಹಿಂತಿರುಗಿ, ಉಳಿದ ರಕ್ತದೊಂದಿಗೆ ಬೆರೆಯುತ್ತದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್‌ನ ಅಂಕಿ ಕೆಳಗಿಳಿಯುವುದು ಆಗ.

ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದರೆ ಈ ಅಂಕಿ ಸಾಮಾನ್ಯವಾಗಿ ಮೇಲೇರುತ್ತದೆ, ಮನೆಯವರಿಗೆ ಸಮಾಧಾನವೂ ಆಗುತ್ತದೆ. ಆದರೆ ಹೆಚ್ಚುವರಿ ಆಮ್ಲಜನಕ ತೆರೆದಿರುವ ಗಾಳಿಗೂಡುಗಳಿಗಷ್ಟೇ ತಲುಪುತ್ತದೆ, ಮುಚ್ಚಿದವನ್ನು ತೆರೆಯುವುದಿಲ್ಲ. ಅವನ್ನು ತೆರೆಯಲು ಉಳಿಕೆ ಗಾಳಿ ಹೆಚ್ಚಬೇಕು, ದೊಡ್ಡ ಉಸಿರು ಬೇಕು. ಅಂಕಿ 98 ಇರುವಾಗಲೂ ನರ್ಸ್ ಬಂದು ರೋಗಿಯನ್ನು ಎಬ್ಬಿಸಿ ಕೂರಿಸುವುದಕ್ಕೆ ಇದೇ ಕಾರಣ.

ರಾತ್ರಿಯ ವೇಳೆಗೆ ಇನ್ನಷ್ಟು ಗಮನ ಬೇಕು. ಮಾರ್ಫಿನ್‌ನಂಥ ಬಲವಾದ ನೋವುನಿವಾರಕಗಳು ಉಸಿರಾಟದ ಪ್ರೇರಣೆಯನ್ನು ತಗ್ಗಿಸುತ್ತವೆ. ಗೊರಕೆ ಹೊಡೆಯುವವರಲ್ಲಿ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರಲ್ಲಿ ಅಂಗಾತ ಮಲಗಿದಾಗ ನಾಲಿಗೆ ಹಿಂದಕ್ಕೆ ಜಾರಿ ಗಂಟಲಿನ ದಾರಿ ಕಿರಿದಾಗುತ್ತದೆ. ಇಂಥವರಿಗೆ ತಲೆ ಮತ್ತು ಎದೆಯನ್ನು ಎತ್ತರಿಸುವುದು ಅಥವಾ ಮಗ್ಗುಲಾಗಿ ಮಲಗಿಸುವುದು ಎರಡು ಕಡೆಯಿಂದ ನೆರವಾಗುತ್ತದೆ.

ಒರಗಿ ಕೂರುವುದು, ಜಾರಿ ಕುಸಿಯುವುದು

ಮಂಚದ ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿದ ಅರೆಕೂತ ಭಂಗಿಯನ್ನು ಆಸ್ಪತ್ರೆಗಳಲ್ಲಿ ಫೌಲರ್ ಭಂಗಿಯ ಒಂದು ರೂಪವಾಗಿ ಬಳಸುತ್ತಾರೆ. ಜಾರ್ಜ್ ರೈರ್ಸನ್ ಫೌಲರ್ ಅಮೆರಿಕದ ಶಸ್ತ್ರವೈದ್ಯರು. 1900ರಲ್ಲಿ ಅವರು ಈ ಭಂಗಿಯನ್ನು ಸೂಚಿಸಿದ್ದು ಉಸಿರಾಟಕ್ಕಾಗಿ ಅಲ್ಲ, ಹೊಟ್ಟೆಯೊಳಗೆ ಸೋಂಕು ಹರಡಿದಾಗ ಕೀವು ವಪೆಯ ಕಡೆಗೆ ಹೋಗದೆ ಕೆಳಗೆ ಸೊಂಟದ ಭಾಗದಲ್ಲಿ ಸೇರಲಿ ಎಂದು. ಪ್ರತಿಜೀವಕಗಳಿಲ್ಲದ ಆ ಕಾಲದ ಉದ್ದೇಶ ಹಿಂದೆ ಸರಿದು, ಭಂಗಿ ಮಾತ್ರ ಬೇರೆ ಕಾರಣಕ್ಕೆ ಉಳಿದುಕೊಂಡಿತು. ತಲೆಯ ಭಾಗ ಎತ್ತರವಾಗಿದ್ದರೆ ಹೊಟ್ಟೆಯ ಅಂಗಗಳು ಕೆಳಗೆ ಸರಿಯುತ್ತವೆ, ವಪೆಗೆ ಇಳಿಯಲು ಜಾಗ ಸಿಗುತ್ತದೆ, ಪಕ್ಕೆಲುಬುಗಳು ಹಿಗ್ಗುವುದು ಸುಲಭವಾಗುತ್ತದೆ. ಜಠರದ ದ್ರವ ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಕಡಿಮೆಯಾಗುತ್ತದೆ.

ಇಷ್ಟಿದ್ದರೂ, ಎತ್ತರಿಸಿದ ಮಂಚದ ಮೇಲೆ ಮಲಗಿದ ಎಲ್ಲರೂ ನಿಜವಾಗಿ ಈ ಭಂಗಿಯಲ್ಲಿರುವುದಿಲ್ಲ. ಒಂದೆರಡು ಗಂಟೆಯಲ್ಲಿ ರೋಗಿ ನಿಧಾನವಾಗಿ ಕಾಲಿನ ಕಡೆಗೆ ಜಾರುತ್ತಾನೆ. ಆಗ ಮಂಚ ಬಾಗುವ ಜಾಗ ಸೊಂಟದ ಕೀಲಿನ ಕೆಳಗೆ ಇರುವ ಬದಲು ಬೆನ್ನಿನ ನಡುವೆ ಬರುತ್ತದೆ. ದೇಹ ಸೊಂಟದಲ್ಲಿ ಮಡಚಿಕೊಳ್ಳದೆ ಹೊಟ್ಟೆಯಲ್ಲಿ ಮಡಚಿಕೊಂಡು, ಎದೆ ಹೊಟ್ಟೆಯ ಮೇಲೆ ಕುಸಿದು, ಗದ್ದ ಎದೆಗೆ ತಾಗುತ್ತದೆ. ದೂರದಿಂದ ನೋಡಿದರೆ ರೋಗಿ ಒರಗಿ ಕೂತಂತೆಯೇ ಕಾಣುತ್ತಾನೆ, ಆದರೆ ವಪೆಯ ಮೇಲಿನ ಒತ್ತಡ ಚಪ್ಪಟೆಯಾಗಿ ಮಲಗಿದಾಗಿನಷ್ಟೇ ಅಥವಾ ಅದಕ್ಕಿಂತ ಹೆಚ್ಚು ಇರಬಹುದು. ಮನೆಯವರು ಗಮನಿಸಬಹುದಾದ ಒಂದೇ ಸಂಗತಿಯನ್ನು ಆರಿಸಬೇಕೆಂದರೆ ನಾನು ಇದನ್ನೇ ಆರಿಸುತ್ತೇನೆ.

ಸರಿಪಡಿಸುವ ಕ್ರಮ ಸರಳ. ಮೊದಲು ತಲೆಯ ಭಾಗವನ್ನು ಇಳಿಸಿ, ಸಿಬ್ಬಂದಿಯ ನೆರವಿನಿಂದ ರೋಗಿಯನ್ನು ಮೇಲಕ್ಕೆ ಸರಿಸಿ, ಸೊಂಟ ಮಂಚ ಬಾಗುವ ಜಾಗಕ್ಕೆ ಸರಿಯಾಗಿ ಬರುವಂತೆ ಮಾಡಬೇಕು. ನಂತರ ಮೊಣಕಾಲಿನ ಭಾಗವನ್ನು ತುಸು ಎತ್ತರಿಸಿ, ಆಮೇಲೆ ತಲೆಯ ಭಾಗವನ್ನು ಎತ್ತಿದರೆ ಜಾರುವುದು ಕಡಿಮೆಯಾಗುತ್ತದೆ. ದಿಂಬನ್ನು ತಲೆಯ ಕೆಳಗಷ್ಟೇ ಇಟ್ಟರೆ ಕುತ್ತಿಗೆ ಮುಂದೆ ಬಾಗುತ್ತದೆ, ಬೆನ್ನಿಗೂ ಆಸರೆ ಸಿಗಬೇಕು. ಮಂಚದಲ್ಲಿ ಒರಗುವುದಕ್ಕಿಂತ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೆ ಊರಿ ನೇರವಾಗಿ ಕೂರುವುದು ಉತ್ತಮ. ಕುರ್ಚಿಯಲ್ಲೂ ಬೆನ್ನು ಗೂನಾಗಿದ್ದರೆ ಲಾಭ ಅಷ್ಟಕ್ಕಷ್ಟೇ.

ಮಗ್ಗುಲಾಗಿ ಮಲಗುವುದು

ಎಲ್ಲ ಹೊತ್ತೂ ಕೂತಿರಲು ಯಾರಿಂದಲೂ ಆಗುವುದಿಲ್ಲ. ಮಗ್ಗುಲಾಗಿ ಮಲಗಿದಾಗ ಹೊಟ್ಟೆಯ ಭಾರ ಹಾಸಿಗೆಯ ಕಡೆಗೆ ಸರಿಯುತ್ತದೆ, ಮೇಲಿರುವ ಶ್ವಾಸಕೋಶ ಹೆಚ್ಚು ಹಿಗ್ಗಿರುತ್ತದೆ. ಕೆಳಗಿನ ಬದಿಯ ವಪೆ ಎದೆಯೊಳಗೆ ಹೆಚ್ಚು ಮೇಲೇರಿ ನಿಂತಿರುವುದರಿಂದ, ಸ್ವತಃ ಉಸಿರಾಡುತ್ತಿರುವ ವಯಸ್ಕರಲ್ಲಿ ಅದು ಹೆಚ್ಚು ದೂರ ಚಲಿಸಬಲ್ಲದು. ಹೀಗಾಗಿ ಪ್ರತಿ ಉಸಿರಿನ ಗಾಳಿಯೂ ರಕ್ತವೂ ಕೆಳಗಿನ ಶ್ವಾಸಕೋಶಕ್ಕೆ ಹೆಚ್ಚಾಗಿ ಹೋಗುತ್ತವೆ. ಒಂದು ಬದಿಯ ಶ್ವಾಸಕೋಶಕ್ಕೆ ಮಾತ್ರ ತೊಂದರೆಯಾಗಿದ್ದರೆ, ಸಾಮಾನ್ಯವಾಗಿ ಚೆನ್ನಾಗಿರುವುದನ್ನು ಕೆಳಗೆ ಮಾಡಿ ಮಲಗಿಸುವುದು ಈ ಲೆಕ್ಕಾಚಾರದಿಂದ. ಎರಡೂ ಸಮನಾಗಿದ್ದರೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ರೂಢಿಯಿದೆ. ಇದರಿಂದ ಯಾವುದೇ ಒಂದು ಭಾಗ ಸದಾ ಕೆಳಗೇ ಇರುವುದು ತಪ್ಪುತ್ತದೆ, ಚರ್ಮದ ಮೇಲೆ ಒತ್ತಡದ ಹುಣ್ಣಾಗುವುದೂ ತಪ್ಪುತ್ತದೆ. ಮೊಣಕಾಲುಗಳ ನಡುವೆ ಒಂದು, ಹೊಟ್ಟೆಗೆ ಆಸರೆಯಾಗಿ ಒಂದು ದಿಂಬು ಇಟ್ಟರೆ ಹೊಲಿಗೆ ಎಳೆಯುವುದಿಲ್ಲ.

ಬೋರಲು ಮಲಗಿಸುವುದರ ಬಗ್ಗೆ ತೀವ್ರ ನಿಗಾ ಘಟಕದ ಸಂದರ್ಭಗಳಲ್ಲಿ ಹಲವರು ಕೇಳಿರಬಹುದು. ಹೊಟ್ಟೆಯ ಹೊಸ ಗಾಯವಿರುವ ರೋಗಿ ಅದನ್ನು ತಾನಾಗಿ ಪ್ರಯತ್ನಿಸಬಾರದು.

ಕೆಮ್ಮು ಮತ್ತು ದೀರ್ಘ ಉಸಿರು

ಪರಿಣಾಮಕಾರಿ ಕೆಮ್ಮಿಗೆ ಮೂರು ಹಂತಗಳಿವೆ: ದೊಡ್ಡದಾಗಿ ಉಸಿರೆಳೆಯಬೇಕು, ಗಂಟಲಿನ ದ್ವಾರವನ್ನು ಕ್ಷಣಕಾಲ ಮುಚ್ಚಬೇಕು, ಹೊಟ್ಟೆಯ ಸ್ನಾಯುಗಳನ್ನು ಬಲವಾಗಿ ಬಿಗಿದು ಗಾಳಿಯನ್ನು ಹೊರಚಿಮ್ಮಿಸಬೇಕು. ಮೊದಲನೆಯದನ್ನೂ ಮೂರನೆಯದನ್ನೂ ಶಸ್ತ್ರಚಿಕಿತ್ಸೆ ಕುಗ್ಗಿಸಿರುತ್ತದೆ. ಮಲಗಿಕೊಂಡೇ ಕೆಮ್ಮಿದರೆ ಗಂಟಲು ಕೆರೆಯುವ ಸದ್ದಷ್ಟೇ ಬರುತ್ತದೆ, ಕಫ ಅಲ್ಲೇ ಉಳಿಯುತ್ತದೆ. ನೇರವಾಗಿ ಕೂತು, ಮೊಣಕಾಲು ಮಡಚಿ, ತುಸು ಮುಂದೆ ಬಾಗಿ, ಗಾಯದ ಮೇಲೆ ದಿಂಬನ್ನೋ ಮಡಚಿದ ಟವೆಲನ್ನೋ ಎರಡೂ ಕೈಗಳಿಂದ ಒತ್ತಿಹಿಡಿದು ಕೆಮ್ಮಿದರೆ ನೋವು ಕಡಿಮೆಯಾಗುತ್ತದೆ, ಕೆಮ್ಮಿನ ಬಲ ಹೆಚ್ಚುತ್ತದೆ. ಕೆಮ್ಮಿದರೆ ಹೊಲಿಗೆ ಬಿಚ್ಚಿಹೋಗುತ್ತದೆ ಎಂಬ ಭಯ ಬಹಳ ಜನರಲ್ಲಿದೆ. ಹೀಗೆ ಆಸರೆ ಕೊಟ್ಟು ಕೆಮ್ಮಲು ವೈದ್ಯರೇ ಹೇಳುತ್ತಾರೆ ಎಂಬುದನ್ನು ಅವರಿಗೆ ಮೊದಲೇ ತಿಳಿಸುವುದು ಒಳ್ಳೆಯದು. ನೋವಿನ ಔಷಧ ಕೆಲಸ ಮಾಡಲು ಶುರುವಾದ ಮೇಲೆ ಇದನ್ನು ಮಾಡುವುದು ಜಾಣತನ.

ಉಸಿರೆಳೆದು ಚೆಂಡುಗಳನ್ನು ಮೇಲೇರಿಸುವ ಸ್ಪೈರೋಮೀಟರ್ ಎಂಬ ಸಣ್ಣ ಉಪಕರಣವನ್ನು ಅನೇಕ ರೋಗಿಗಳಿಗೆ ಕೊಡುತ್ತಾರೆ. ಅದು ದೀರ್ಘ ಉಸಿರಾಟವನ್ನು ನೆನಪಿಸುವ ಸಾಧನ. ಆ ಉಪಕರಣವೊಂದರಿಂದಲೇ ತೊಡಕುಗಳು ತಪ್ಪುತ್ತವೆ ಎಂಬುದಕ್ಕೆ ಅಧ್ಯಯನಗಳಲ್ಲಿ ಸ್ಪಷ್ಟ ಆಧಾರ ಸಿಕ್ಕಿಲ್ಲ. ಬಳಸುವುದಾದರೆ ನೇರವಾಗಿ ಕೂತು, ನಿಧಾನವಾಗಿ ಎಳೆದು, ಮೂರು ಸೆಕೆಂಡಿನಷ್ಟು ಹಿಡಿದು ಬಿಡಬೇಕು. ಚೆಂಡು ಪಟ್ಟನೆ ಮೇಲೆ ಹಾರುವಂತೆ ರಭಸದಿಂದ ಎಳೆಯುವುದರಿಂದ ಪ್ರಯೋಜನವಿಲ್ಲ.

ಎದ್ದು ನಿಲ್ಲುವುದು, ನಡೆಯುವುದು

ಉಳಿಕೆ ಗಾಳಿ ಅತಿ ಹೆಚ್ಚಾಗಿರುವುದು ನಿಂತ ಭಂಗಿಯಲ್ಲಿ. ನಡೆಯುವಾಗ ದೇಹದ ಬೇಡಿಕೆ ಹೆಚ್ಚಿ, ಯಾರೂ ಹೇಳದೆಯೇ ಉಸಿರು ದೀರ್ಘವಾಗುತ್ತದೆ. ಆದ್ದರಿಂದ ಈಗ ಅನೇಕ ಕಡೆ ಶಸ್ತ್ರಚಿಕಿತ್ಸೆಯ ದಿನವೇ ಅಥವಾ ಮರುದಿನವೇ ರೋಗಿಯನ್ನು ಎಬ್ಬಿಸುತ್ತಾರೆ. ಷಿಕಾಗೋದ ಎಮಿಲ್ ರೀಸ್ 1899ರಲ್ಲೇ ಇದನ್ನು ಪ್ರತಿಪಾದಿಸಿದ್ದರೂ, ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸುವ ಪದ್ಧತಿ 1940ರ ದಶಕದವರೆಗೆ ಸಾಮಾನ್ಯವಾಗಿತ್ತು. ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ರೂಪಿಸಿದ ಶೀಘ್ರ ಚೇತರಿಕೆಯ ಕ್ರಮದಲ್ಲಿ ಬೇಗ ಎದ್ದು ಓಡಾಡುವುದು ಒಂದು ಮುಖ್ಯ ಅಂಗವಾಯಿತು.

ಏಳುವ ರೀತಿಯೂ ಮುಖ್ಯ. ಅಂಗಾತ ಮಲಗಿದ್ದಲ್ಲಿಂದ ನೇರವಾಗಿ ಎದ್ದು ಕೂರಲು ಹೋದರೆ ಹೊಟ್ಟೆಯ ಸ್ನಾಯುಗಳ ಮೇಲೆ ಪೂರ್ತಿ ಭಾರ ಬೀಳುತ್ತದೆ. ಮೊಣಕಾಲು ಮಡಚಿ, ಭುಜ ಮತ್ತು ಸೊಂಟವನ್ನು ಒಟ್ಟಿಗೆ ಮಗ್ಗುಲಿಗೆ ಹೊರಳಿಸಿ, ಕಾಲುಗಳನ್ನು ಮಂಚದಿಂದ ಕೆಳಗಿಳಿಸುತ್ತಾ ಕೈಗಳಿಂದ ದೇಹವನ್ನು ಮೇಲೆ ತಳ್ಳಬೇಕು. ಮೊದಲ ಸಲ ಎದ್ದಾಗ ರಕ್ತದೊತ್ತಡ ಇಳಿದು ತಲೆಸುತ್ತು ಬರಬಹುದಾದ್ದರಿಂದ, ಮಂಚದ ಅಂಚಿನಲ್ಲಿ ಕೆಲವು ನಿಮಿಷ ಕೂತು, ಸಿಬ್ಬಂದಿ ಜೊತೆಯಲ್ಲಿರುವಾಗಲೇ ನಿಲ್ಲಬೇಕು. ಬೆನ್ನಿನ ಮೂಲಕ ನೋವಿನ ಔಷಧ ಕೊಡುತ್ತಿದ್ದರೆ ಕಾಲುಗಳಲ್ಲಿ ಬಲವಿದೆಯೇ ಎಂದು ಮೊದಲು ಪರೀಕ್ಷಿಸುತ್ತಾರೆ. ಕೆಲವು ಶಸ್ತ್ರಚಿಕಿತ್ಸೆಗಳ ನಂತರ ಇಂತಿಷ್ಟು ಹೊತ್ತು ಚಪ್ಪಟೆಯಾಗಿಯೇ ಮಲಗಿರಬೇಕೆಂದು ಶಸ್ತ್ರವೈದ್ಯರು ಸೂಚಿಸಿರುತ್ತಾರೆ, ಅಲ್ಲಿ ಅವರ ಮಾತೇ ಅಂತಿಮ.

ಇವೆಲ್ಲವನ್ನೂ ಕಲಿಸಲು ಒಳ್ಳೆಯ ಸಮಯ ಶಸ್ತ್ರಚಿಕಿತ್ಸೆಗೆ ಮೊದಲು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಹೊಟ್ಟೆಯ ಮೇಲ್ಭಾಗದ ಶಸ್ತ್ರಚಿಕಿತ್ಸೆಗೆ ಒಳಗಾಗಲಿದ್ದ ನಾನೂರಕ್ಕೂ ಹೆಚ್ಚು ಜನರ ಮೇಲೆ ನಡೆಸಿದ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದು ಗುಂಪಿಗೆ ಮಾಹಿತಿಯ ಕಿರುಪುಸ್ತಿಕೆಯನ್ನಷ್ಟೇ ಕೊಡಲಾಯಿತು. ಇನ್ನೊಂದು ಗುಂಪಿಗೆ ಅದರ ಜೊತೆಗೆ ಫಿಸಿಯೋಥೆರಪಿಸ್ಟ್ ಒಬ್ಬರು 30 ನಿಮಿಷ ಕೂತು, ಶ್ವಾಸಕೋಶ ಏಕೆ ಕುಸಿಯುತ್ತದೆ ಎಂಬುದನ್ನು ವಿವರಿಸಿ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರು. ಶ್ವಾಸಕೋಶದ ತೊಡಕುಗಳು ಮೊದಲ ಗುಂಪಿನಲ್ಲಿ ಶೇ. 27, ಎರಡನೆಯದರಲ್ಲಿ ಶೇ. 12 ಕಂಡುಬಂದವು.

ಯಾವಾಗ ತಕ್ಷಣ ತಿಳಿಸಬೇಕು?

ಧೂಮಪಾನಿಗಳು, ಸ್ಥೂಲಕಾಯದವರು, ಹಿರಿಯರು, ಮೊದಲೇ ಅಸ್ತಮಾ ಅಥವಾ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಇರುವವರು, ಕರುಳಿನ ಚಲನೆ ನಿಂತು ಹೊಟ್ಟೆ ಉಬ್ಬರಿಸಿರುವವರು ಹೆಚ್ಚು ಅಪಾಯದಲ್ಲಿರುತ್ತಾರೆ. ಭಂಗಿಯನ್ನು ಸರಿಪಡಿಸಿದ ಮೇಲೂ ಉಸಿರು ವೇಗವಾಗಿಯೇ ಇರುವುದು, ಆಮ್ಲಜನಕದ ಅಂಕಿ ಇಳಿಯುತ್ತಲೇ ಹೋಗುವುದು, ಜ್ವರ, ಬಣ್ಣ ಬದಲಾದ ಕಫ, ಹೊಸದಾಗಿ ಗೊಂದಲ ಅಥವಾ ಅತಿಯಾದ ಮಂಪರು ಕಂಡರೆ ವೈದ್ಯರಿಗೆ ತಿಳಿಸಬೇಕು. ಇದ್ದಕ್ಕಿದ್ದಂತೆ ಏದುಸಿರು ಬಂದು ಎದೆ ನೋವು ಕಾಣಿಸಿಕೊಂಡರೆ, ಅಥವಾ ಒಂದೇ ಕಾಲು ಊದಿಕೊಂಡು ಜೊತೆಗೆ ಉಸಿರು ಕಷ್ಟವಾದರೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರುವ ಸಾಧ್ಯತೆಯಿರುತ್ತದೆ. ಆಗ ದಿಂಬು ಸರಿಪಡಿಸಿ ಕಾಯುತ್ತಾ ಕೂರದೆ, ಮನೆಗೆ ಮರಳಿದ ಮೇಲಾದರೂ ಸರಿ, ಕೂಡಲೇ ತುರ್ತು ಚಿಕಿತ್ಸೆ ಪಡೆಯಬೇಕು.